ಹರಾಜಿಗೆ ಬಂದ ಟಿಪ್ಪುವಿನ ಬಂದೂಕು: ನಮ್ಮ ಕೂಗು ಯಾವುದು?

2023ರ ಮೇ ತಿಂಗಳ ಕೊನೆಯ ಶುಕ್ರವಾರ. ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಮಸೀದಿಯ ಅಂಗಳದಲ್ಲಿ ನಾಲ್ಕಾರು ಯುವಕರು ಒಂದು ಮೊಬೈಲಿನ ಸುತ್ತ ನಿಂತಿದ್ದರು. ಮೂರು ದಿನಗಳ ಹಿಂದೆ ಲಂಡನ್ನಿನ ಬೋನಮ್ಸ್ ಹರಾಜು ಸಂಸ್ಥೆಯಲ್ಲಿ ಟಿಪ್ಪು ಸುಲ್ತಾನರ ಶಯನಾಗಾರದ ಖಡ್ಗ 1 ಕೋಟಿ 40 ಲಕ್ಷ ಪೌಂಡ್‌ಗೆ ಮಾರಾಟವಾಗಿತ್ತು. ನಮ್ಮ ಹಣದಲ್ಲಿ ಅದು 140 ಕೋಟಿ ರೂಪಾಯಿಗೂ ಹೆಚ್ಚು. ಯುವಕರಲ್ಲೊಬ್ಬ ಕೇಳಿದ: "ಖಡ್ಗ ನಮ್ಮ ಕೈಗೆಟುಕದು. ಆದರೆ ಆಗಾಗ ಬಂದೂಕುಗಳೂ ಬರುತ್ತವಂತೆ. ರಾಜ್ಯದ ಎಲ್ಲ ಜಮಾಅತ್‌ಗಳೂ ಸೇರಿ ಚಂದಾ ಎತ್ತಿದರೆ ನಾವೂ ಒಂದು ಹರಾಜಿಗೆ ಹೋಗಿ ಸವಾಲು ಹಾಕಬಾರದೇಕೆ?"

ಹಿರಿಯರೊಬ್ಬರು ನಕ್ಕರು. ಇನ್ನೊಬ್ಬರು ಕೂಡಲೇ ಹತ್ತು ಸಾವಿರ ರೂಪಾಯಿ ಕೊಡುವುದಾಗಿ ಹೇಳಿದರು. ನಾವು ನಗಲೂ ಇಲ್ಲ, ಹಣ ಬರೆಸಲೂ ಇಲ್ಲ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ ಎಂದು ನಮಗೆ ಅನಿಸಿತು. ಈ ಬಂದೂಕುಗಳು ಅಲ್ಲಿಗೆ ಹೋದದ್ದು ಹೇಗೆ, ಹರಾಜಿನಲ್ಲಿ ನಡೆಯುವುದೇನು, ಕೂಗುವವನಿಗೆ ನಮ್ಮ ದೀನ್ ವಿಧಿಸಿದ ಮರ್ಯಾದೆ ಯಾವುದು ಎಂಬುದನ್ನು ತಿಳಿಯದೆ ಹೌದು ಎನ್ನುವುದೂ ತಪ್ಪು, ಇಲ್ಲ ಎನ್ನುವುದೂ ತಪ್ಪು. ಆದುದರಿಂದ ಈ ಬರಹ.

ಮೊದಲ ಹರಾಜು ಲಂಡನ್ನಿನಲ್ಲಿ ನಡೆದದ್ದಲ್ಲ

1799ರ ಮೇ 4ರ ಮಧ್ಯಾಹ್ನ ಈಸ್ಟ್ ಇಂಡಿಯಾ ಕಂಪೆನಿಯ ಸೇನೆ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಕೋಟೆಯನ್ನು ನುಗ್ಗಿತು. ಹೈದರಾಬಾದಿನ ನಿಜಾಮರ ಪಡೆಯೂ ಅದರ ಜೊತೆಗಿತ್ತೆಂಬುದನ್ನು ನಾವು ಮರೆಯಬಾರದು. ಸಂಜೆಯ ಹೊತ್ತಿಗೆ ಸುಲ್ತಾನರ ಮೃತದೇಹ ಕೋಟೆಯ ಬಾಗಿಲೊಂದರ ಬಳಿ ಹೆಣಗಳ ರಾಶಿಯ ನಡುವೆ ಸಿಕ್ಕಿತು. ಆ ರಾತ್ರಿ ಊರಿನಲ್ಲಿ ನಡೆದದ್ದು ಲೂಟಿ. ಮನೆ ಮನೆಗೂ ಸೈನಿಕರು ನುಗ್ಗಿದರು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಮರುದಿನ ಊರಿನ ಅಧಿಕಾರ ವಹಿಸಿಕೊಂಡು, ಕೆಲವರನ್ನು ಗಲ್ಲಿಗೇರಿಸಿ ಹಲವರಿಗೆ ಚಾಟಿಯೇಟು ಕೊಡಿಸಿದ ಮೇಲಷ್ಟೇ ಅದು ನಿಂತಿತು. ರಾತ್ರಿ ದೋಚಿದ ಒಡವೆಗಳನ್ನು ಬೆಲೆ ತಿಳಿಯದ ಸೈನಿಕರು ಶಿಬಿರದ ಬಜಾರಿನಲ್ಲಿ ಪುಡಿಗಾಸಿಗೆ ಮಾರಿದರು.

ಅನಂತರ ನಡೆದದ್ದು ಕಾಗದಪತ್ರದ ಲೂಟಿ. ಸೈನ್ಯಾಧಿಕಾರಿಗಳಿಂದಲೇ ಆರಿಸಲ್ಪಟ್ಟ 'ಪ್ರೈಝ್ ಏಜೆಂಟ'ರೆಂಬ ಗುಮಾಸ್ತರು ಅರಮನೆಯ ಖಜಾನೆ, ಉಡುಪು, ಆಯುಧ ಎಲ್ಲವನ್ನೂ ಪಟ್ಟಿ ಮಾಡಿದರು. ಕೋಟೆಯೊಳಗೆ ಸಿಕ್ಕ ಫಿರಂಗಿಗಳೇ 929 ಎಂದೂ, ಕೈಬಂದೂಕುಗಳು ಸುಮಾರು 99,000 ಎಂದೂ ಆ ಲೆಕ್ಕ ಹೇಳುತ್ತದೆ. ಹುಲಿಯ ತಲೆಗಳಿಂದ ಅಲಂಕೃತವಾಗಿದ್ದ ಚಿನ್ನದ ತಗಡಿನ ಸಿಂಹಾಸನವನ್ನು ಪಾಲು ಹಂಚುವ ಅವಸರದಲ್ಲಿ ತುಂಡು ತುಂಡು ಮಾಡಲಾಯಿತು. ಬೇಕಾದವರು ಸವಾಲು ಹಾಕಿ ವಸ್ತುಗಳನ್ನು ಕೊಳ್ಳಬಹುದಿತ್ತು. ಬಂದ ಹಣ ಪಾಲಿನ ನಿಧಿಗೆ ಸೇರುತ್ತಿತ್ತು. ಇಂದು ಲಂಡನ್ನಿನ ಹರಾಜು ಪುಸ್ತಿಕೆಗಳಲ್ಲಿ 'ಶ್ರೀರಂಗಪಟ್ಟಣದಲ್ಲಿ ಪಡೆದದ್ದು' ಎಂದು ನಯವಾಗಿ ಮುದ್ರಿಸುವ ಮಾತಿನ ಮೂಲ ಇದು.

ಪಾಲು ಹೇಗೆ ಹಂಚಿತು? ಒಟ್ಟು ಮೊತ್ತ 10 ಲಕ್ಷ ಪೌಂಡ್ ದಾಟಿತ್ತು. ದಂಡನಾಯಕ ಜನರಲ್ ಹ್ಯಾರಿಸ್ ಎಂಟನೆಯ ಒಂದು ಭಾಗವನ್ನು, ಅಂದರೆ 1 ಲಕ್ಷ 40 ಸಾವಿರ ಪೌಂಡ್‌ಗೂ ಹೆಚ್ಚನ್ನು ತಾನೇ ತೆಗೆದುಕೊಂಡ. ಸಾಮಾನ್ಯ ಬಿಳಿಯ ಸೈನಿಕನಿಗೆ ಸಿಕ್ಕಿದ್ದು ಸುಮಾರು 7 ಪೌಂಡ್. ಮೊಣಕಾಲುದ್ದ ನೀರಿನಲ್ಲಿ ಅದೇ ಗುಂಡುಗಳಿಗೆ ಎದೆಯೊಡ್ಡಿದ ದೇಶೀ ಸಿಪಾಯಿಗೆ ಸುಮಾರು 5 ಪೌಂಡ್.

ಇಲ್ಲಿ ನಮ್ಮ ದೀನ್‌ನ ನಿಯಮವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಯುದ್ಧದಲ್ಲಿ ಸಿಕ್ಕ ಸೊತ್ತಿಗೆ, ಅಂದರೆ ಗನೀಮತ್‌ಗೆ, ಸೂರಃ ಅಲ್ ಅನ್ಫಾಲ್ ಕಟ್ಟು ವಿಧಿಸಿದೆ. ಐದರಲ್ಲೊಂದು ಪಾಲು ಅಲ್ಲಾಹನಿಗೆ, ರಸೂಲರಿಗೆ, ಬಂಧುಗಳಿಗೆ, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ, ಉಳಿದದ್ದು ಹೋರಾಡಿದವರಿಗೆ. ಹಂಚುವುದಕ್ಕೆ ಮೊದಲು ಒಂದು ದಾರವನ್ನು ಮುಟ್ಟಿದರೂ ಅದು 'ಗುಲೂಲ್', ಅಮಾನತಿನ ದ್ರೋಹ. ಖೈಬರ್‌ನಿಂದ ಮರಳುವಾಗ ಬಾಣ ತಗಲಿ ಸತ್ತ ಸೇವಕನೊಬ್ಬನನ್ನು ಜನರು ಶಹೀದನೆಂದು ಕೊಂಡಾಡಿದಾಗ, ಹಂಚಿಕೆಗೆ ಮೊದಲೇ ಅವನೆತ್ತಿಕೊಂಡ ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದು ಪ್ರವಾದಿ ಮುಹಮ್ಮದ್ (ಸ) ಎಚ್ಚರಿಸಿದ ಘಟನೆ ಬುಖಾರಿಯಲ್ಲಿದೆ. ಅದನ್ನು ಕೇಳಿದ ಒಬ್ಬರು ತಾವೆತ್ತಿಕೊಂಡಿದ್ದ ಚಪ್ಪಲಿಯ ಬಾರನ್ನು ತಂದು ಮುಂದಿಟ್ಟರು.

ಈ ನಿಯಮವನ್ನು ಮುಸ್ಲಿಮ್ ದೊರೆಗಳೆಲ್ಲರೂ ಪಾಲಿಸಿದರೆಂದು ನಾವು ಹೇಳುತ್ತಿಲ್ಲ. ಚರಿತ್ರೆ ಹಾಗೆ ಹೇಳಲು ಬಿಡುವುದಿಲ್ಲ. ಮೈಸೂರಿನ ಸೇನೆ ಹೋದ ಕೊಡಗು, ಮಲಬಾರುಗಳಲ್ಲಿ ಕಳೆದುಕೊಂಡವರ ನೆನಪು ಬೇರೆಯೇ ಇದೆ. ಅದನ್ನು ಕೇಳುವ ಕಿವಿಯೂ ನಮಗಿರಬೇಕು. ಅಳತೆಗೋಲು ಒಂದೇ ಇರಬೇಕು. ಅದನ್ನು ಇತರರ ಮೇಲೆ ಇಡುವ ಮೊದಲು ನಮ್ಮವರ ಮೇಲೂ ಇಡಬೇಕು.

ನಮ್ಮವರು ಸವಾಲು ಹಾಕುವರೆಂಬ ಭಯ

1799ರ ಆಗಸ್ಟ್‌ನ ಒಂದು ಸಂಗತಿ ನಮ್ಮನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ಪ್ರೈಝ್ ಏಜೆಂಟರು ಸುಲ್ತಾನರ ಉಡುಪುಗಳನ್ನು ಸಾರ್ವಜನಿಕವಾಗಿ ಹರಾಜು ಹಾಕಲು ಸಿದ್ಧರಾದರು. ಆಗ ವೆಲ್ಲೆಸ್ಲಿ ಗವರ್ನರ್ ಜನರಲ್‌ಗೆ ಪತ್ರ ಬರೆದು ಅದನ್ನು ತಡೆದ. ಕಾರಣವನ್ನೂ ಬರೆದ: ಊರಿನ ಅಸಂತುಷ್ಟ ಮುಸ್ಲಿಮರು ಅವನ್ನು ಕೊಂಡುಕೊಂಡು ಪವಿತ್ರ ವಸ್ತುಗಳೆಂಬಂತೆ ಇಟ್ಟುಕೊಳ್ಳುವರು, ಅದರಿಂದ ಅವಮಾನವೂ ಆದೀತು, ತೊಂದರೆಯೂ ಆದೀತು. ಕಂಪೆನಿಯೇ ಅವನ್ನು ಕೊಂಡು ರಾಜಕುಮಾರರಿಗೆ ಕೊಡಲಿ ಇಲ್ಲವೇ ಬೇರೆಡೆಗೆ ಸಾಗಿಸಲಿ ಎಂಬುದು ಅವನ ಸಲಹೆ.

ಅಂದರೆ ನಮ್ಮ ಅಂಗಳದ ಯುವಕನ ಪ್ರಶ್ನೆ ಹೊಸದಲ್ಲ. ಊರನ್ನು, ಕೆಲಸವನ್ನು, ಅನೇಕರು ಮನೆಯವರನ್ನೂ ಕಳೆದುಕೊಂಡ ಜನ, ನೂರು ದಿನ ಕಳೆಯುವಷ್ಟರಲ್ಲೇ ಇದ್ದಬದ್ದ ಕಾಸನ್ನು ಒಟ್ಟುಗೂಡಿಸಿ ಸವಾಲು ಹಾಕಬಹುದೆಂದು ಗೆದ್ದವನು ಅಂಜಿದ. ಅವನ ಅಂಜಿಕೆಯಲ್ಲಿ ಎರಡು ಪಾಠಗಳಿವೆ. ವಸ್ತುವಿನಲ್ಲಿ ನೆನಪು ಇರುತ್ತದೆ, ನೆನಪಿಗೆ ಬಲ ಇರುತ್ತದೆ ಎಂಬುದು ಒಂದು. ವಸ್ತುವನ್ನು ಪೂಜ್ಯವೆಂದು ಬಗೆಯುವ ದೌರ್ಬಲ್ಯ ನಮ್ಮಲ್ಲಿದೆಯೆಂದು ಶತ್ರುವೂ ಬಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದರಿಂದ ದೂರವಿರುವುದು ಹೇಗೆ ಎಂಬುದೇ ಪ್ರಶ್ನೆ.

ಬಂದೂಕಿನ ಮೇಲಿನ ಬರಹ

ಈ ಬಂದೂಕುಗಳಲ್ಲಿ ಅಂಥದ್ದೇನಿದೆ? ಇವು ಚಕಮಕಿ ಬಂದೂಕುಗಳು. ಕುದುರೆ ಎಳೆದಾಗ ಅದರ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಬಾಣಲೆಯಲ್ಲಿನ ಮದ್ದಿಗೆ ಹಾರಿ, ಅಲ್ಲಿಂದ ನಳಿಗೆಯೊಳಗಿನ ಮದ್ದಿಗೆ ತಗಲಿ ಗುಂಡು ಹಾರುತ್ತದೆ. ಆ ಕಾಲದ ಯುರೋಪಿನಲ್ಲೂ ಇದೇ ವಿಧಾನ. ಸುಲ್ತಾನರು ಕಳುಹಿಸಿ, 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಆಸ್ಥಾನವನ್ನು ತಲುಪಿದ ನಿಯೋಗ ಸೇನಾ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿತ್ತು. ಆದರೆ ಕಲಿತದ್ದನ್ನು ತಮ್ಮದಾಗಿಸಿಕೊಂಡವರು ಇಲ್ಲಿನ ಕಮ್ಮಾರರು. ಶ್ರೀರಂಗಪಟ್ಟಣ, ನಗರ, ಬೆಂಗಳೂರುಗಳ ಕಾರ್ಖಾನೆಗಳಲ್ಲಿ ತಯಾರಾದ ಬಂದೂಕುಗಳ ಮೇಲೆ ಹುಲಿಯ ಪಟ್ಟೆಯ 'ಬಬ್ರಿ' ಗುರುತು ಇರುತ್ತದೆ. ಶ್ರೇಷ್ಠವಾದವುಗಳ ಕುದುರೆ ಹುಲಿಯ ರೂಪದಲ್ಲಿರುತ್ತದೆ. ಬೆಳ್ಳಿಯ, ಚಿನ್ನದ ತಂತಿಯನ್ನು ಉಕ್ಕಿನಲ್ಲಿ ಕೂರಿಸಿ ಪರ್ಶಿಯನ್ ಅಕ್ಷರಗಳನ್ನು ಬರೆದಿರುತ್ತಾರೆ. ತಯಾರಿಸಿದ ಊರು ಮಾತ್ರವಲ್ಲ, ಎಷ್ಟೋ ಬಂದೂಕುಗಳಲ್ಲಿ ತಯಾರಿಸಿದವನ ಹೆಸರೂ ಇರುತ್ತದೆ. ವರ್ಷವನ್ನು ಬರೆದದ್ದು ಸುಲ್ತಾನರೇ ಜಾರಿಗೆ ತಂದ ಮೌಲೂದಿ ಶಕೆಯಲ್ಲಿ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು; ಇದನ್ನರಿಯದವನಿಗೆ ಕಾಲವೇ ತಲೆಕೆಳಗಾಗುತ್ತದೆ.

ಇದನ್ನೆಲ್ಲ ಬಿಡಿಸಿ ಓದಿ, 'ಟಿಪ್ಪು ಸುಲ್ತಾನರ ಬಂದೂಕುಗಳು' ಎಂಬ ವಿಷಯದ ಮೇಲೆ 1992ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದವರು ರಾಬಿನ್ ವಿಗಿಂಗ್ಟನ್ ಎಂಬ ಆಂಗ್ಲ ಸಂಗ್ರಾಹಕ. ನಮ್ಮ ಊರಿನ ಕಮ್ಮಾರರು ಉಕ್ಕಿನ ಮೇಲೆ ಬರೆದ ಹೆಸರುಗಳನ್ನು ಕೂಡಿಸಲು ಇಂಗ್ಲೆಂಡಿನಲ್ಲೊಬ್ಬರು ಬೇಕಾಯಿತು. ಈ ಮಾತು ಅವರ ಮೇಲಿನ ದೂರಲ್ಲ, ನಮ್ಮ ಮೇಲಿನದು.

ಸಭಾಂಗಣದೊಳಗೆ

ಈ ಹರಾಜುಗಳು ಹೇಗೆ ನಡೆಯುತ್ತವೆ? ಮೊದಲು ಪುಸ್ತಿಕೆ ಅಚ್ಚಾಗುತ್ತದೆ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಚಿತ್ರ, ಅಂದಾಜು ಬೆಲೆ, ಮತ್ತು ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ವಂಶಾವಳಿ. ಹರಾಜಿಗೆ ಮುನ್ನ ಕೆಲವು ದಿನ ವಸ್ತುಗಳನ್ನು ನೋಡಲು ಬಿಡುತ್ತಾರೆ. ತಿಳಿದವನು ಆಗಲೇ ಹೋಗಿ ಮರ ಒಡೆದಿದೆಯೇ, ಬೀಗದ ಭಾಗ ಬದಲಾಗಿದೆಯೇ, ಬರಹ ಅಸಲಿಯೇ ಎಂದು ಪರೀಕ್ಷಿಸುತ್ತಾನೆ. ಸವಾಲು ಹಾಕಬೇಕೆಂದಿರುವವನು ಗುರುತು, ಹಣದ ಆಧಾರ ತೋರಿಸಿ ಹೆಸರು ನೋಂದಾಯಿಸಿ ಒಂದು ಸಂಖ್ಯೆಯ ಫಲಕ ಪಡೆಯುತ್ತಾನೆ. ಬರಲಾಗದವನು ದೂರವಾಣಿಯಲ್ಲಿ ಕೂಗಬಹುದು, ಅಥವಾ ತನ್ನ ಗರಿಷ್ಠ ಬೆಲೆಯನ್ನು ಬರೆದುಕೊಡಬಹುದು. ಮಾರುವವನು ಗುಟ್ಟಾಗಿ ನಿಗದಿಪಡಿಸಿದ ಕನಿಷ್ಠ ಬೆಲೆ ಬರದಿದ್ದರೆ ವಸ್ತು ವಾಪಸು. ಸುತ್ತಿಗೆ ಬಿದ್ದರೆ ಮಾತು ಮುಗಿಯಿತು, ಮನಸ್ಸು ಬದಲಿಸುವಂತಿಲ್ಲ. ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ ಬೇರೆ; ಅದು ಹಲವು ಕಡೆ ಕಾಲುಭಾಗದಷ್ಟಿರುತ್ತದೆ.

2015ರ ಏಪ್ರಿಲ್ 21ರಂದು ವಿಗಿಂಗ್ಟನ್ ಸಂಗ್ರಹದ 30 ವಸ್ತುಗಳು ಬೋನಮ್ಸ್‌ನಲ್ಲಿ ಹರಾಜಾದವು. ಒಟ್ಟು 60 ಲಕ್ಷ ಪೌಂಡ್‌ಗೂ ಹೆಚ್ಚು ಬಂತು. ಹುಲಿಮುಖದ ಒಂದು ಖಡ್ಗ 20 ಲಕ್ಷ ಪೌಂಡ್ ದಾಟಿತು. ಒಂದು ಪುಟ್ಟ ಕಂಚಿನ ಫಿರಂಗಿ ಅಂದಾಜನ್ನು ಎಷ್ಟೋ ಪಟ್ಟು ಮೀರಿ 14 ಲಕ್ಷಕ್ಕೇರಿತು. ಬೇಟೆಯ ಬಂದೂಕೊಂದು 7 ಲಕ್ಷ ಪೌಂಡ್ ದಾಟಿತು.

2019ರ ಮಾರ್ಚ್‌ನಲ್ಲಿ ಬರ್ಕ್‌ಶೈರ್‌ನ ಒಂದು ಸಣ್ಣ ಹರಾಜು ಮನೆಯಲ್ಲಿ ಇನ್ನೊಂದು ನಡೆಯಿತು. ಕಂಪೆನಿಯ ಮೇಜರ್ ಥಾಮಸ್ ಹಾರ್ಟ್ 1799ರಲ್ಲಿ ಒಯ್ದ ಆಯುಧಗಳು ಅವನ ವಂಶದವರ ಮನೆಯ ಅಟ್ಟದಲ್ಲಿ ಸಿಕ್ಕಿದ್ದವು. ಬೆಳ್ಳಿಯ ಕೆಲಸದ ಒಂದು ಬಂದೂಕು, ಬಯೋನೆಟ್ ಸಮೇತ, 60,000 ಪೌಂಡ್‌ಗೆ ಹೋಯಿತು. ಅವನ್ನು ಭಾರತಕ್ಕೆ ಮರಳಿಸಬೇಕೆಂಬ ಕೂಗೆದ್ದರೂ ಹರಾಜು ನಿಲ್ಲಲಿಲ್ಲ. ಇನ್ನೂರ ಇಪ್ಪತ್ತು ವರ್ಷ ಒಂದು ಮನೆಯ ಅಟ್ಟದಲ್ಲಿ ಮಲಗಿದ್ದ ಬಂದೂಕು ಒಂದು ಬೆಳಗ್ಗೆ ಸುಮಾರು 54 ಲಕ್ಷ ರೂಪಾಯಿಯ ವಸ್ತುವಾಯಿತು.

2023ರಲ್ಲಿ ಇನ್ನೊಂದು ವಿಚಿತ್ರ. 1793-94ರ ಸುಮಾರಿನ, 20 ಲಕ್ಷ ಪೌಂಡ್ ಬೆಲೆಯ ಸುಲ್ತಾನರ ಬೇಟೆಯ ಬಂದೂಕೊಂದು ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರಕಾರ ತಾತ್ಕಾಲಿಕ ತಡೆ ಹಾಕಿತು. ಬ್ರಿಟನ್ನಿನ ಸಂಸ್ಥೆಯೊಂದು ಅದನ್ನು ಕೊಂಡು ಉಳಿಸಿಕೊಳ್ಳಲು ಕಾಲಾವಕಾಶ ಸಿಗಲೆಂಬುದು ಉದ್ದೇಶ. ಶ್ರೀರಂಗಪಟ್ಟಣದ ಬಂದೂಕು ಈಗ ಅವರ ರಾಷ್ಟ್ರೀಯ ಸ್ವತ್ತು!

ಕೂಗುವವನ ಮರ್ಯಾದೆ

ಹರಾಜಿನಲ್ಲಿ ಪಾಲ್ಗೊಳ್ಳುವುದು ಧರ್ಮಸಮ್ಮತವೇ ಎಂದು ಕೇಳಿದವರಿಗೆ ಉತ್ತರ ಸುಲಭ. ಅನಸ್ (ರ) ವರದಿ ಮಾಡಿದ ಪ್ರಸಿದ್ಧ ಘಟನೆಯೊಂದಿದೆ. ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದದ್ದು ಒಂದು ಕಂಬಳಿ, ಒಂದು ಬಟ್ಟಲು. ಅವುಗಳನ್ನು ತರಿಸಿ ಪ್ರವಾದಿ (ಸ) ಕೊಳ್ಳುವವರು ಯಾರೆಂದು ಕೇಳಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಮತ್ತೆ ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮ್ ಕೊಟ್ಟರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ ತರಲು ಹೇಳಿ, ಕೊಡಲಿಗೆ ತಮ್ಮ ಕೈಯಿಂದಲೇ ಹಿಡಿ ಜೋಡಿಸಿ, ಕಟ್ಟಿಗೆ ಕಡಿದು ಮಾರಲು ಕಳುಹಿಸಿದರು. ಗನೀಮತ್ ಸೊತ್ತನ್ನು ಹೆಚ್ಚು ಕೊಡುವವರಿಗೆ ಮಾರುವುದರಲ್ಲಿ ಹಿಂದಿನವರು ತಪ್ಪು ಕಾಣುತ್ತಿರಲಿಲ್ಲವೆಂದು ತಾಬಿಈ ವಿದ್ವಾಂಸ ಅತಾ ಹೇಳಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ.

ಆದರೆ ಕಟ್ಟೂ ಇದೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲೆಂದೇ ಕೂಗುವುದು 'ನಜಶ್'. ಅದನ್ನು ಪ್ರವಾದಿ (ಸ) ನಿಷೇಧಿಸಿದ್ದಾರೆ. ವ್ಯಾಪಾರ ಕುದುರಿದ ಮೇಲೆ ನಡುವೆ ನುಗ್ಗಿ ಹೆಚ್ಚು ಬೆಲೆ ಹೇಳುವುದೂ ನಿಷಿದ್ಧ. ದೋಷ ಮುಚ್ಚಿಟ್ಟು ಮಾರುವುದು ಮೋಸ. ಜನರ ನಡುವೆ ಫಿತ್ನಾ ಎದ್ದಿರುವಾಗ ಆಯುಧ ಮಾರುವುದನ್ನು ಸಹಾಬಿ ಇಮ್ರಾನ್ (ರ) ಅಪ್ರಿಯವೆಂದು ಬಗೆದರು. ಈ ಕೊನೆಯ ಮಾತನ್ನು ನಾವು ಕಿವಿಯಲ್ಲಿಟ್ಟುಕೊಳ್ಳಬೇಕು. ಟಿಪ್ಪು ಎಂಬ ಹೆಸರೇ ಬೀದಿಯಲ್ಲಿ ಕಲ್ಲೆತ್ತಿಸುವ ಕಾಲದಲ್ಲಿ, ಅವರ ಬಂದೂಕನ್ನು ಮೆರವಣಿಗೆಯ ವಸ್ತುವಾಗಿಸುವುದು ಯಾರಿಗೆ ಹಿತ?

ಹಾಗಾದರೆ ಸವಾಲು ಹಾಕೋಣವೇ?

ನಮ್ಮ ಹಿರಿಯರೊಬ್ಬರ ವಾದವನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳುತ್ತೇವೆ. "ನಾವು ಕೊಳ್ಳದಿದ್ದರೆ ಯಾವನೋ ಧನಿಕ ಕೊಂಡು ಕಪಾಟಿನಲ್ಲಿ ಬೀಗ ಹಾಕುತ್ತಾನೆ. ನಮ್ಮ ಮೊಮ್ಮಕ್ಕಳು ಚಿತ್ರದಲ್ಲಷ್ಟೇ ನೋಡಬೇಕು." ಇದರಲ್ಲಿ ಸತ್ಯವಿದೆ. 2003ರಲ್ಲಿ ಕರ್ನಾಟಕದ ಉದ್ಯಮಿಯೊಬ್ಬರು ಸುಲ್ತಾನರ ಖಡ್ಗವನ್ನು 1 ಲಕ್ಷ 75 ಸಾವಿರ ಪೌಂಡ್‌ಗೆ ಕೊಂಡಾಗ ನಾಡೆಲ್ಲ ಹಿಗ್ಗಿತ್ತು. ಅದು ಯಾವ ಸಾರ್ವಜನಿಕ ಸಂಗ್ರಹಾಲಯವನ್ನೂ ಸೇರಲಿಲ್ಲ. ಮನೆಗೆ ಅಶುಭವೆಂದು ಅದನ್ನು ಯಾರಿಗೋ ಕೊಟ್ಟುಬಿಟ್ಟರೆಂದು ವರ್ಷಗಳ ನಂತರ ಪತ್ರಿಕೆಗಳಲ್ಲಿ ಓದಿದೆವು. ಕೊಂಡ ಮಾತ್ರಕ್ಕೆ ವಸ್ತು ಮರಳಿ ಬಂದಂತಾಗುವುದಿಲ್ಲ.

ನಮ್ಮ ಉತ್ತರವೂ ಇಲ್ಲಿಂದಲೇ ಹುಟ್ಟಿತು. ಚಂದಾ ಎತ್ತಿ ಸವಾಲು ಹಾಕುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಕಾರಣ ಮೂರು. ಲೂಟಿಯಾದ ವಸ್ತುವಿಗೆ ಬೆಲೆ ಕೊಡುವುದೆಂದರೆ ಲೂಟಿಗೆ ರಸೀದಿ ಕೊಟ್ಟಂತೆ. ಮರಳಿ ಕೇಳುವ ಕೆಲಸ ಸರಕಾರದ್ದು, ಅದನ್ನು ನಾಗರಿಕರಾಗಿ ನಾವು ಒತ್ತಾಯಿಸಬಹುದು. ಎರಡನೆಯದಾಗಿ, ಅದು ಒಂದು ಸಮುದಾಯದ ಸೊತ್ತಲ್ಲ. ಆ ಬಂದೂಕನ್ನು ಹೊತ್ತವರಲ್ಲೂ ಮಾಡಿದವರಲ್ಲೂ ಈ ನಾಡಿನ ಎಲ್ಲ ಜಾತಿ-ಮತದವರಿದ್ದರು. ನಾವೊಬ್ಬರೇ ಕೊಂಡರೆ ಅದನ್ನು ನಾವೇ ಸಣ್ಣದು ಮಾಡಿದಂತೆ. ಮೂರನೆಯದಾಗಿ, ಒಂದು ಬಂದೂಕಿನ ಆ 54 ಲಕ್ಷದಲ್ಲಿ ಎಷ್ಟು ಮಕ್ಕಳ ಕಾಲೇಜು ಶುಲ್ಕ ಕಟ್ಟಬಹುದೆಂದು ಪ್ರತಿ ಜೂನ್‌ನಲ್ಲಿ ಜಮಾಅತ್‌ನ ಬಾಗಿಲಿಗೆ ಬರುವ ತಾಯಂದಿರನ್ನು ಕೇಳಿದರೆ ಸಾಕು.

ಹಾಗೆಂದು ಕೈಕಟ್ಟಿ ಕೂರುವುದಲ್ಲ. ಮನೆಯಲ್ಲೇ ಇರುವುದನ್ನು ನಾವೆಷ್ಟು ನೋಡಿದ್ದೇವೆ? ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದವು. ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಲು ಪ್ರೇರಣೆಯಾದದ್ದು ಇಂಥವೇ. ಅವಕ್ಕೆ ಯಾರೂ ಸವಾಲು ಹಾಕಬೇಕಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ರೈಲು ಹಳಿಯ ದಾರಿಗೆ ಅಡ್ಡವಾಗಿದ್ದ ಸುಲ್ತಾನರ ಶಸ್ತ್ರಾಗಾರವೊಂದನ್ನು 2017ರಲ್ಲಿ ಕೆಡವದೆ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿ ಉಳಿಸಲಾಯಿತು. ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆಯ ಗೋಡೆಗಳ ಮುಂದೆ ನಮ್ಮಲ್ಲೆಷ್ಟು ಮಂದಿ ಮಕ್ಕಳನ್ನು ಕರೆದೊಯ್ದು ನಿಲ್ಲಿಸಿದ್ದೇವೆ? ಬಂದೂಕಿನ ಮೇಲಿನ ಪರ್ಶಿಯನ್ ಸಾಲನ್ನು ಓದಬಲ್ಲ ಒಬ್ಬ ಹುಡುಗಿ, ಒಬ್ಬ ಹುಡುಗ ನಮ್ಮ ಮದ್ರಸಗಳಿಂದ ಹೊರಬಂದರೆ, ಆ ಕಮ್ಮಾರರ ಹೆಸರುಗಳನ್ನು ಕನ್ನಡದಲ್ಲಿ ಬರೆದಿಟ್ಟರೆ, ಯಾವ ಸುತ್ತಿಗೆಯೂ ಅದನ್ನು ಬೇರೆಯವರಿಗೆ ಮಾರಲಾರದು.

ಪ್ರವಾದಿ (ಸ) ಈ ಲೋಕ ಬಿಟ್ಟಾಗ ಅವರ ಉಕ್ಕಿನ ಕವಚ ಯಹೂದಿ ವ್ಯಾಪಾರಿಯೊಬ್ಬರ ಬಳಿ ಅಡವಿತ್ತು; ಮನೆಮಂದಿಗೆ ತಂದ ಬಾರ್ಲಿಗಾಗಿ. ಯುದ್ಧದ ಕವಚಕ್ಕಿಂತ ಮನೆಯವರ ಊಟ ದೊಡ್ಡದೆಂದು ಬದುಕಿ ತೋರಿಸಿದವರ ಉಮ್ಮತ್ ನಾವು.

ಮರುವಾರ ಜುಮಾದ ಬಳಿಕ ಆ ಯುವಕ ಮತ್ತೆ ಸಿಕ್ಕಿದ. ಇಷ್ಟನ್ನೂ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಶ್ರೀರಂಗಪಟ್ಟಣಕ್ಕೆ ಒಂದು ಬಸ್ಸಿಗೆ ಎಷ್ಟಾಗುತ್ತದೆ?" ಎಂದ. ಹತ್ತು ಸಾವಿರ ಕೊಡುತ್ತೇನೆಂದಿದ್ದ ಹಿರಿಯರು ಪಕ್ಕದಲ್ಲೇ ಇದ್ದರು. ಅವರು ಮಾತಿಗೆ ತಪ್ಪಲಿಲ್ಲ. ಅಲ್ಲಾಹನು ನಮ್ಮ ಮಕ್ಕಳಿಗೆ ಓದುವ ಕಣ್ಣನ್ನೂ, ನಮಗೆ ಸರಿಯಾದ ಕಡೆ ಖರ್ಚು ಮಾಡುವ ಮನಸ್ಸನ್ನೂ ಕರುಣಿಸಲಿ. ಆಮೀನ್.